ನಿಂತಲ್ಲಿ ನಡುಗುವ ಕಾರು

ಕೇಳುಗರಿಗೆ ನಮಸ್ಕಾರ.

ಕಳೆದ ಮಳೆಗಾಲದ ಒಂದು ಸಂಜೆ, ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ಕಾಯುತ್ತಿದ್ದೆ. ಹಿಂದೆ ಲಾರಿ, ಪಕ್ಕದಲ್ಲಿ ಸಿಟಿ ಬಸ್ಸು. ಪೊಲೀಸರು ಕೈ ತೋರಿಸಿದರು. ನಾನು ಕ್ಲಚ್ ಬಿಡುವ ಮೊದಲೇ ಕಾರು ಎರಡು ಸಲ ನಡುಗಿ ಸುಮ್ಮನಾಯಿತು. ಮತ್ತೆ ಸ್ಟಾರ್ಟ್ ಮಾಡಿದೆ. ಬಂತು, ಹೋಯಿತು. ನಮ್ಮ ಸಿಟಿ ಬಸ್ಸಿನ ಹಾರನ್ ಎಂಥದ್ದು ಅಂತ ನಿಮಗೆ ಗೊತ್ತಲ್ಲ. ಅವತ್ತು ಅದನ್ನು ಪೂರ್ತಿ ಕೇಳಿಸಿಕೊಂಡೆ.

ಮರುದಿನ ಗ್ಯಾರೇಜಿಗೆ ಒಯ್ದೆ. ಪ್ಲಗ್ ಬದಲಾಯಿಸಿದರು. ನಾಲ್ಕು ದಿನ ಸರಿ ಇದ್ದ ಹಾಗೆ ಅನಿಸಿತು, ಮತ್ತೆ ಅದೇ ಕತೆ. ಏರ್ ಫಿಲ್ಟರ್ ಹೊಸದಾಯಿತು. ಆಮೇಲೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸ್ಕ್ಯಾನರ್ ಹಾಕಿ ನೋಡಿದರು. ಪಿ 0171 ಅಂತ ಕೋಡ್ ಬಂತು. ಪೆಟ್ರೋಲು ಕಡಿಮೆ, ಗಾಳಿ ಜಾಸ್ತಿ ಆಗಿದೆ ಅಂತ ಅದರ ಅರ್ಥ. "ಹಾಗಾದರೆ ಪೆಟ್ರೋಲ್ ಪಂಪ್ ವೀಕ್" ಅಂದರು. ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲು ತಳ್ಳುವ ಆ ಪಂಪೂ ಹೊಸದಾಯಿತು. ಒಟ್ಟು ಖರ್ಚು 9,000 ರೂಪಾಯಿ ದಾಟಿತ್ತು. ಕಾರು ಮಾತ್ರ ಪಂಪ್‌ವೆಲ್‌ನಲ್ಲಿ ಒಮ್ಮೆ, ಕೊಟ್ಟಾರದಲ್ಲಿ ಒಮ್ಮೆ ಅದೇ ರೀತಿ ಆಫ್ ಆಯಿತು.

ಆ ಕೋಡ್ ಸುಳ್ಳು ಹೇಳಿರಲಿಲ್ಲ. ಆದರೆ ಅದು ಹೇಳಿದ್ದು ಅರ್ಧ ಮಾತ್ರ. ಪೆಟ್ರೋಲು ಕಡಿಮೆ ಬರುತ್ತಿದೆಯೋ, ಗಾಳಿ ಎಲ್ಲಿಂದಲೋ ಜಾಸ್ತಿ ನುಗ್ಗುತ್ತಿದೆಯೋ, ಅದನ್ನು ಸ್ಕ್ಯಾನರ್ ಹೇಳುವುದಿಲ್ಲ. ಮನುಷ್ಯರೇ ಹುಡುಕಬೇಕು.

ಕೊನೆಗೆ ಸುರತ್ಕಲ್ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ತಗಡಿನ ಮಾಡು, ಎರಡು ಕಾರು ನಿಲ್ಲುವಷ್ಟೇ ಜಾಗ. ವಯಸ್ಸಾದ ಮೆಕ್ಯಾನಿಕ್. ಬಾನೆಟ್ ಎತ್ತುವ ಮೊದಲು ನನ್ನನ್ನೇ ವಿಚಾರಿಸಿಕೊಂಡರು. "ಯಾವಾಗ ಆಫ್ ಆಗುವುದು ಸಾರ್? ಬೆಳಿಗ್ಗೆ ತಣ್ಣಗಿರುವಾಗವಾ, ಬಿಸಿ ಆದ ಮೇಲೆಯಾ? ಓಡುವಾಗ ಜರ್ಕ್ ಉಂಟಾ? ಘಾಟಿ ಹತ್ತುವಾಗ ಎಂತ ಮಾಡ್ತದೆ?"

ಹಿಂದಿನ ವಾರವಷ್ಟೇ ಚಾರ್ಮಾಡಿ ಹತ್ತಿದ್ದೆ. ಒಂದು ಸಲವೂ ಕೆಮ್ಮಿರಲಿಲ್ಲ. ಅದನ್ನು ಹೇಳಿದೆ. ಅವರು ನಕ್ಕರು. "ಪಂಪ್ ವೀಕ್ ಆದ್ರೆ ಚಾರ್ಮಾಡಿಯಲ್ಲೇ ನಿಲ್ಲಬೇಕಿತ್ತಲ್ಲ ಸಾರ್? ಅಲ್ಲಿ ಅಲ್ವಾ ಪೆಟ್ರೋಲು ಜಾಸ್ತಿ ಬೇಕಾಗುವುದು!"

ಎಷ್ಟು ಸರಳ ನೋಡಿ. 9,000 ರೂಪಾಯಿಗೆ ಮೊದಲು ಯಾರೂ ಕೇಳದ ಪ್ರಶ್ನೆ ಅದು. ನಾನೂ ಯೋಚಿಸಿರಲಿಲ್ಲ ಬಿಡಿ.

ನಿಂತಲ್ಲೇ ಯಾಕೆ ತೊಂದರೆ, ಓಡುವಾಗ ಯಾಕಿಲ್ಲ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಟ್ರೋಲ್ ಇಂಜಿನ್ ಬಿಸಿಯಾದ ಮೇಲೆ, ಕಾರು ನಿಂತಿದ್ದು ಇಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ತಿರುಗುತ್ತದೆ. ಆಗ ನಮ್ಮ ಕಾಲು ಆಕ್ಸಿಲರೇಟರ್ ಮೇಲೆ ಇರುವುದಿಲ್ಲ. ಗಾಳಿ ಬರುವ ದಾರಿಯಲ್ಲಿರುವ ಥ್ರಾಟಲ್ ಬಾಡಿಯ ತಟ್ಟೆ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಇಂಜಿನ್ ಸಣ್ಣ ಸಂದಿಯಿಂದ ಉಸಿರು ಎಳೆಯುತ್ತಾ ಇರುತ್ತದೆ. 1 ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲ್ ಬೆರೆಸಿದ್ದಕ್ಕೆ ಸ್ವಲ್ಪ ಕಡಿಮೆ ಸಾಕು. ಒಳಗೆ ಬರುವ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲು ಬಿಡುತ್ತದೆ. ಈಗ ಸೆನ್ಸರ್ ದಾಟಿದ ಮೇಲೆ ಯಾವುದೋ ರಬ್ಬರ್ ಪೈಪ್ ಸೀಳಿದೆ ಅಂದುಕೊಳ್ಳಿ. ಅಲ್ಲಿಂದ ಕಳ್ಳಗಾಳಿ ಒಳಗೆ ನುಗ್ಗುತ್ತದೆ, ಲೆಕ್ಕಕ್ಕೆ ಸಿಗುವುದಿಲ್ಲ. ಜೋರಾಗಿ ಓಡುವಾಗ ಥ್ರಾಟಲ್ ಹೆಚ್ಚು ತೆರೆದು ಗಾಳಿ ಧಾರಾಳವಾಗಿ ಬರುವುದರಿಂದ ಈ ಚೂರು ಗಾಳಿ ಗೊತ್ತೇ ಆಗುವುದಿಲ್ಲ. ಐಡ್ಲಿಂಗ್‌ನಲ್ಲಿ ಮಾತ್ರ ಅದೇ ದೊಡ್ಡ ಪಾಲು. ಇಂಜಿನ್ನಿನ ವೇಗ ಮೇಲೆ ಕೆಳಗೆ ಆಗುತ್ತದೆ, ಇಂಜಿನ್ ನಡುಗುತ್ತದೆ, ನಿಲ್ಲುತ್ತದೆ.

ಮೆಕ್ಯಾನಿಕ್ ಒಂದು ಗೇಣು ಉದ್ದದ ಹಳೇ ಪೈಪಿನ ತುಂಡು ತೆಗೆದುಕೊಂಡರು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಇಂಜಿನ್ನಿನ ಅಲ್ಲಿ ಇಲ್ಲಿ. ಡಾಕ್ಟರು ಎದೆ ನೋಡುವ ಹಾಗೆ. ಒಂದು ಕಡೆ ನಿಂತರು. "ಕೇಳಿ ಸಾರ್" ಅಂದರು. ಸುಯ್ಯ್ ಅಂತ ಸದ್ದು. ಪೆನ್ನಿನಷ್ಟು ದಪ್ಪದ ರಬ್ಬರ್ ಪೈಪನ್ನು ಬೆರಳಿನಲ್ಲಿ ಒತ್ತಿ ಹಿಡಿದರು. ಇಂಜಿನ್ ಥಟ್ಟನೆ ಸಮವಾಯಿತು. ಬಿಟ್ಟರೆ ಮತ್ತೆ ನಡುಕ. ಪೈಪಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಉಗುರಿನಷ್ಟು ಸೀಳು ಇತ್ತು. ಹೊಸ ಪೈಪು, ಕ್ಲಿಪ್ಪು, ಮಜೂರಿ ಎಲ್ಲ ಸೇರಿ 350 ರೂಪಾಯಿ.

ನಿಮ್ಮ ಕಾರಿನಲ್ಲೂ ಇದೇ ಇರಬೇಕು ಅಂತಿಲ್ಲ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟುವುದು ಇದಕ್ಕಿಂತ ಸಾಮಾನ್ಯ. ಆ ಸಣ್ಣ ಸಂದಿಯೇ ಕಟ್ಟಿಹೋದರೆ ಉಸಿರು ಸಾಲುವುದಿಲ್ಲ. ಎಸಿ ಹಾಕಿದ ಕೂಡಲೇ, ಇಲ್ಲವೇ ಸಿಗ್ನಲ್ ಹತ್ತಿರ ಕಾಲು ತೆಗೆದ ಕೂಡಲೇ ಕಾರು ನಿಂತರೆ ಮೊದಲು ಅದನ್ನು ನೋಡಿಸಿ. ಕ್ಲೀನ್ ಮಾಡಿದ ಮೇಲೆ ಕೆಲವು ಕಾರುಗಳಲ್ಲಿ ಸ್ಕ್ಯಾನರಿನಿಂದ ಐಡ್ಲಿಂಗ್ ಮತ್ತೆ ಸೆಟ್ ಮಾಡಬೇಕಾಗುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿನಿಂದ ನೂಕಬೇಡಿ, ಒಳಗಿನ ಗೇರು ಹಾಳಾದೀತು. ಹಿಂದೆ ಕಾರ್ಬುರೇಟರ್ ಕಾಲದಲ್ಲಿ ಸ್ಕ್ರೂ ಡ್ರೈವರ್ ಹಾಕಿ ಅರ್ಧ ಸುತ್ತು ತಿರುಗಿಸಿದರೆ ಮುಗಿಯುತ್ತಿತ್ತು. ಆ ಸುಖ ಈಗ ಇಲ್ಲ.

ಓಡುವಾಗಲೂ ಜರ್ಕ್ ಇದ್ದರೆ, ಏರಿನಲ್ಲಿ ಇನ್ನೂ ಜಾಸ್ತಿಯಾದರೆ, ಆಗ ಪ್ಲಗ್, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್, ಪೆಟ್ರೋಲ್ ಪಂಪುಗಳ ಮೇಲೆ ಅನುಮಾನ ಪಡಿ. ಒಂದು ಸಿಲಿಂಡರ್ ಮಾತ್ರ ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಅಂದರೆ ಅದರಲ್ಲಿ ಪೆಟ್ರೋಲು ಸರಿಯಾಗಿ ಉರಿಯದಿದ್ದರೆ, ಅದರ ಕಾಯಿಲ್ ಅನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಲು ಹೇಳಿ. ಮಿಸ್ಸಿಂಗ್ ಕೂಡ ಜೊತೆಗೆ ಹೋದರೆ ಕಾಯಿಲೇ ಹೋಗಿದೆ. ಸುಮ್ನೆ ನಾಲ್ಕೂ ಬದಲಾಯಿಸಬೇಕಾಗಿಲ್ಲ. ಇಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ಕಾರು ಓಡಿಸಬೇಡಿ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಅದಕ್ಕೆ ಬೆಲೆ ಜಾಸ್ತಿ.

ನಮ್ಮ ಕರಾವಳಿಯ ಕಾಟಗಳೂ ಇವೆ. ಕಡಲಿನ ಉಪ್ಪುಗಾಳಿಗೆ ಕನೆಕ್ಟರುಗಳು, ಬ್ಯಾಟರಿ ಟರ್ಮಿನಲ್ ಹಸಿರುಗಟ್ಟುತ್ತವೆ. ನೀರು ತುಂಬಿದ ರಸ್ತೆಯಲ್ಲಿ ಹೋಗಿ ಬಂದರೆ ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಲ್ಲಬಹುದು. ಜುಲೈ ಮಳೆಗೆ ಇಲಿಗಳು ಬಾನೆಟ್ಟಿನ ಕೆಳಗೆ ಬಂದು ಬೆಚ್ಚಗೆ ಕೂತು ವೈರು ಕಡಿಯುತ್ತವೆ. ಉಡುಪಿಯಲ್ಲಿ ನನ್ನ ಭಾವನ ಕಾರಿನೊಳಗೆ ಅರ್ಧ ತೆಂಗಿನಕಾಯಿ ಸಿಪ್ಪೆ ಸಿಕ್ಕಿತ್ತು.

ಹೆದ್ದಾರಿಯಲ್ಲಿ ಓಡುವಾಗಲೇ ಇಂಜಿನ್ ನಿಂತರೆ ಒಂದು ವಿಷಯ ಮರೆಯಬೇಡಿ. ಸ್ಟಿಯರಿಂಗ್ ಭಾರವಾಗುತ್ತದೆ. ಬ್ರೇಕು ಒಂದೆರಡು ಸಲ ಮೆತ್ತಗೆ ಹಿಡಿಯುತ್ತದೆ, ಆಮೇಲೆ ಕಲ್ಲಿನ ಹಾಗೆ ಗಟ್ಟಿ. ಕೆಲಸ ಮಾಡುತ್ತದೆ, ಆದರೆ ಜೋರಾಗಿ ತುಳಿಯಬೇಕು. ಬಿಟ್ಟು ಬಿಟ್ಟು ಒತ್ತಬೇಡಿ, ಒಂದೇ ಸಲ ಒತ್ತಿ ಹಿಡಿದು ಎಡಕ್ಕೆ ತನ್ನಿ. ಕೀ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟಿಯರಿಂಗ್ ಲಾಕ್ ಆದೀತು.

ಮೊನ್ನೆ ಉಡುಪಿಯ ಕಲ್ಸಂಕದಲ್ಲಿ ಕಾರು ಮತ್ತೆ ಚೂರು ನಡುಗಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟಿದ್ದೇನೆ, ಅದರಲ್ಲಿ ಬರೆದುಕೊಂಡೆ: ಮಧ್ಯಾಹ್ನ, ಇಂಜಿನ್ ಬಿಸಿ, ಎಸಿ ಹಾಕಿದಾಗ ಮಾತ್ರ, ಓಡುವಾಗ ಇಲ್ಲ. ನನ್ನ ಅನುಮಾನ ಥ್ರಾಟಲ್ ಮಸಿಯ ಮೇಲೆ. ಸೋಮವಾರ ಸುರತ್ಕಲ್ಲಿಗೆ ಹೋಗುತ್ತೇನೆ. ಪುಸ್ತಕ ಅವರ ಕೈಗೆ ಕೊಡುತ್ತೇನೆ, ನನ್ನ ಅನುಮಾನ ಹೇಳುವುದಿಲ್ಲ.

ನಮಸ್ಕಾರ.