ಸುದ್ದಿ ಬರೆದ ಕೈಯಿಂದ ಬಂದ ಕಾದಂಬರಿ

ಕೇಳುಗರಿಗೆ ನಮಸ್ಕಾರ. ಹಡಗು ಒಡೆದು ದ್ವೀಪದಲ್ಲಿ ಒಂಟಿಯಾಗಿ ಉಳಿದ ರಾಬಿನ್ಸನ್ ಕ್ರೂಸೋ ಕಥೆ ನಿಮಗೆ ಗೊತ್ತು. ಅದನ್ನು ಬರೆದ ಇಂಗ್ಲೆಂಡಿನ ಡೇನಿಯಲ್ ಡಿಫೋ ಮೊದಲು ಪತ್ರಕರ್ತ. ಅದಿಲ್ಲದಿದ್ದರೆ ಆ ಕಾದಂಬರಿಯೂ ಹುಟ್ಟುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಡಿಫೋ ಹುಟ್ಟಿದ್ದು 1660ರ ಸುಮಾರಿಗೆ, ಲಂಡನ್ನಿನ ಒಬ್ಬ ಮೇಣದಬತ್ತಿ ವ್ಯಾಪಾರಿಯ ಮನೆಯಲ್ಲಿ. ತಾನೂ ವ್ಯಾಪಾರಕ್ಕಿಳಿದು 1692ರಲ್ಲಿ ದಿವಾಳಿಯಾದ. 1702ರಲ್ಲಿ ಚರ್ಚಿನ ಕಟ್ಟಾ ಪಕ್ಷದವರನ್ನು ಅಣಕಿಸಿ ಒಂದು ಕಿರುಹೊತ್ತಗೆ ಬರೆದ. ಅದಕ್ಕೆ ಸಿಕ್ಕ ಶಿಕ್ಷೆ ಜೈಲು, ಜೊತೆಗೆ ಮೂರು ದಿನ ನಡುಬೀದಿಯಲ್ಲಿ ಕುತ್ತಿಗೆ, ಕೈ ಹಲಗೆಗೆ ಸಿಕ್ಕಿಸಿ ನಿಲ್ಲಿಸಿದ್ದು. ರಾಬರ್ಟ್ ಹಾರ್ಲಿ ಎಂಬ ರಾಜಕಾರಣಿ ಬಿಡಿಸಿದ. ಆಮೇಲೆ ಡಿಫೋ ಅವನಿಗಾಗಿ ಗುಪ್ತಚರನಾಗಿಯೂ ದುಡಿದ. ಪತ್ರಕರ್ತ ಮಾಡಬಾರದ ಕೆಲಸ ಅದು.

ಜೈಲಿನಿಂದ ಬಂದ ಸ್ವಲ್ಪ ದಿನಕ್ಕೇ, 1703ರ ನವೆಂಬರ್ 26ರ ರಾತ್ರಿ, ಇಂಗ್ಲೆಂಡಿಗೆ ಭೀಕರ ಬಿರುಗಾಳಿ ಬಡಿಯಿತು. ಎಡಿಸ್ಟೋನ್ ದೀಪಸ್ತಂಭ ಕಟ್ಟಿಸಿದವನ ಸಮೇತ ಕೊಚ್ಚಿಹೋಯಿತು. ಆಗ ಡಿಫೋ ಏನು ಮಾಡಿದ ನೋಡಿ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ: ನಿಮ್ಮೂರಲ್ಲಿ ಕಂಡದ್ದನ್ನು ಬರೆದು ಕಳಿಸಿ. ಪಾದ್ರಿಗಳು, ನಾವಿಕರು, ಊರಿನವರು ಬರೆದರು. ತಾನೂ ಕೆಂಟ್ ಪ್ರಾಂತದಲ್ಲಿ ಸುತ್ತಿ ಬುಡಮೇಲಾದ ಮರ ಎಣಿಸುತ್ತಾ ಹೋದ. 17,000ಕ್ಕೆ ಸಾಕಾಗಿ ಬಿಟ್ಟ! ಅದೆಲ್ಲ ಸೇರಿ 1704ರಲ್ಲಿ ‘ದಿ ಸ್ಟಾರ್ಮ್’ ಪುಸ್ತಕವಾಯಿತು. ಕಂಡವರನ್ನೇ ಕೇಳಿ ಬರೆಯುವುದು ಇಂದು ಮಾಮೂಲು. ಆಗ ಅದು ಹೊಸದು. ಅದೇ ವರ್ಷ ‘ರಿವ್ಯೂ’ ಪತ್ರಿಕೆ ಶುರು ಮಾಡಿ, 1713ರವರೆಗೆ ಹೆಚ್ಚುಕಮ್ಮಿ ಒಬ್ಬನೇ ಬರೆದು ನಡೆಸಿದ.

‘ಕ್ರೂಸೋ’ ಬಂದದ್ದು 1719ರಲ್ಲಿ, ಡಿಫೋಗೆ ಅರವತ್ತರ ಹತ್ತಿರ. ಪುಸ್ತಕದ ಮೇಲೆ ಅವನ ಹೆಸರೇ ಇರಲಿಲ್ಲ. ಕ್ರೂಸೋ ತಾನೇ ಬರೆದದ್ದು ಅಂತಿತ್ತು. ಹಡಗಿನಿಂದ ತಂದ ಬಿಸ್ಕತ್ತು, ಅಕ್ಕಿ, ಕೊಡಲಿ, ಸಿಡಿಮದ್ದಿನ ಪೀಪಾಯಿ, ಎಲ್ಲದರ ಲೆಕ್ಕ ಅದರಲ್ಲಿದೆ. ಮರ ಎಣಿಸಿದವನ ಕೈ ಅದು, ಅಲ್ವಾ?

ಇಷ್ಟು ಬರೆದರೂ ಸಾಲ ತೀರಲಿಲ್ಲ. 1731ರಲ್ಲಿ, ಸಾಲ ಕೊಟ್ಟವರಿಂದ ತಲೆಮರೆಸಿಕೊಂಡಿದ್ದಾಗಲೇ ತೀರಿಕೊಂಡ.

ಅವನ ಒಂದೇ ಪುಸ್ತಕ ಓದುವುದಾದರೆ ನಾನು ‘ಕ್ರೂಸೋ’ ಹೇಳುವುದಿಲ್ಲ. 1722ರ ‘ಎ ಜರ್ನಲ್ ಆಫ್ ದಿ ಪ್ಲೇಗ್ ಇಯರ್’ ಓದಿ. 1665ರ ಲಂಡನ್ ಪ್ಲೇಗಿನ ಕಥೆ. ಆಗ ಡಿಫೋ ಐದು ವರ್ಷದ ಹುಡುಗ. ಆದರೂ ವಾರವಾರದ ಸಾವಿನ ಪಟ್ಟಿ ಹಿಡಿದು, ಬೀದಿ ಬೀದಿ ತಿರುಗಿ ನೋಡಿದವನ ಹಾಗೆ ಬರೆದ. ರೋಗ ಬಂದ ಮನೆಗೆ ಹೊರಗಿನಿಂದ ಬೀಗ, ಬಾಗಿಲಿಗೆ ಕೆಂಪು ಶಿಲುಬೆ, ಕಾವಲಿಗೊಬ್ಬ. ಕೋವಿಡ್ ಕಾಲದಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದ್ದನ್ನು ಕಂಡ ನಮಗೆ ಆ ಪುಟಗಳು ಹೊಸದೇನೂ ಅನಿಸುವುದಿಲ್ಲ.