ಲೈಬ್ರರಿಯ ಜೊತೆಗೆ ಅದರ ಬಿಲ್ಡ್ ಆಯ್ಕೆಗಳೂ ಉಳಿಯಬೇಕು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಾಲೇಜುಗಳಿಂದ ಬಂದಿರುವ ಅಧ್ಯಾಪಕರೇ, ಲ್ಯಾಬ್‌ಗಳ ಹೊಣೆ ಹೊತ್ತವರೇ, ವಿದ್ಯಾರ್ಥಿ ಮಿತ್ರರೇ,

ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು, ಅಂದರೆ ಲೈಬ್ರರಿಯೊಂದನ್ನು, ಸೋರ್ಸ್ ಕೋಡ್‌ನಿಂದ ಕಟ್ಟುವಾಗ, ಅಂದರೆ ಬಿಲ್ಡ್ ಮಾಡುವಾಗ, ಮೊದಲು ಕಾನ್ಫಿಗರ್, ಬಳಿಕ ಮೇಕ್, ಕೊನೆಗೆ ಮೇಕ್ ಇನ್‌ಸ್ಟಾಲ್ ಆಜ್ಞೆ ಕೊಡುತ್ತೇವೆ. ಯಾವ ಸೌಲಭ್ಯ ಇರಬೇಕು, ಯಾವುದು ಬೇಡ ಎಂಬುದು ಮೊದಲ ಹಂತದಲ್ಲೇ ತೀರ್ಮಾನವಾಗಿ, ಕಾನ್ಫಿಗ್ ಡಾಟ್ ಲಾಗ್, ಕಾನ್ಫಿಗ್ ಡಾಟ್ ಎಚ್ ಎಂಬ ಕಡತಗಳಲ್ಲಿ ದಾಖಲಾಗುತ್ತದೆ. ಆದರೆ ಅವು ಇರುವುದು ಬಿಲ್ಡ್ ಡೈರೆಕ್ಟರಿಯಲ್ಲಿ. ಇನ್‌ಸ್ಟಾಲ್ ಹಂತವು ಸಾಮಾನ್ಯವಾಗಿ ಲೈಬ್ರರಿಯನ್ನೂ, ಅದರ ಫಂಕ್ಷನ್‌ಗಳನ್ನು ಬೇರೆ ಪ್ರೋಗ್ರಾಂಗಳಿಗೆ ತಿಳಿಸುವ ಹೆಡರ್ ಕಡತಗಳನ್ನೂ ನಕಲಿಸಿ ಸುಮ್ಮನಾಗುತ್ತದೆ; ಡೈರೆಕ್ಟರಿ ಅಳಿಸಿದರೆ ಆ ತೀರ್ಮಾನಗಳ ದಾಖಲೆಯೂ ಹೋಯಿತು. ಮಳೆಗಾಲದ ಸಿಡಿಲಿಗೆ ಸುಟ್ಟ ಕಂಪ್ಯೂಟರಿನ ಬದಲು ಹೊಸದನ್ನು ತಂದು, ಪಕ್ಕದಲ್ಲಿರುವ ಇನ್ನೊಂದರಂತೆಯೇ ಅದನ್ನೂ ಸಿದ್ಧಪಡಿಸಲು ಹೊರಟಾಗ ಈ ಕೊರತೆ ಕಣ್ಣಿಗೆ ಬೀಳುತ್ತದೆ.

ನಮಗೆ ಹತ್ತಿರದ ಉದಾಹರಣೆಯನ್ನೇ ನೋಡೋಣ. ಪ್ರಮಾಣಪತ್ರಗಳ ಮೇಲೆ ಕನ್ನಡದಲ್ಲಿ ಹೆಸರು, ಊರು ಮೂಡಿಸಲು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ಸಂಸ್ಕರಣೆಯ ತಂತ್ರಾಂಶ ಬಳಸುತ್ತೇವೆ ಎನ್ನಿ. ಅದನ್ನು ಅಕ್ಷರಗಳನ್ನು ಜೋಡಿಸುವ ರಕ್ಮ್ ಎಂಬ ಲೈಬ್ರರಿಯ ಬೆಂಬಲದೊಂದಿಗೆ ಕಟ್ಟಿದ್ದರೆ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ. ಆ ಬೆಂಬಲ ಇಲ್ಲದಿದ್ದರೆ ‘ತೀರ್ಥಹಳ್ಳಿ’ಯಲ್ಲಿ ಅರ್ಕಾವತ್ತು ತನ್ನ ಸ್ಥಾನಕ್ಕೆ ಹೋಗುವುದಿಲ್ಲ, ಳಕಾರದ ಒತ್ತು ಕೆಳಗಿಳಿಯುವುದಿಲ್ಲ, ಅಕ್ಷರಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಬಿಲ್ಡ್ ಮಾತ್ರ ಎರಡೂ ಸಲ ಯಾವ ದೋಷವನ್ನೂ ತೋರಿಸದೆ ಮುಗಿದಿರುತ್ತದೆ, ಆವೃತ್ತಿ ಸಂಖ್ಯೆಯೂ ಒಂದೇ ಆಗಿರುತ್ತದೆ. ವ್ಯತ್ಯಾಸ ಇರುವುದು ಆಯ್ಕೆಯಲ್ಲಿ. ಇಮೇಜ್‌ಮ್ಯಾಜಿಕ್ ತನ್ನ ಆವೃತ್ತಿ ತಿಳಿಸುವಾಗಲೇ ಒಳಗೊಂಡ ಲೈಬ್ರರಿಗಳ ಪಟ್ಟಿಯನ್ನೂ ಕೊಡುವುದರಿಂದ, ಅಲ್ಲಿ ರಕ್ಮ್ ಹೆಸರಿದೆಯೇ ಎಂದು ನೋಡಿದರೆ ಸಾಕು, ಕಾರಣ ತಿಳಿಯುತ್ತದೆ.

ಇಂಥ ಏರ್ಪಾಡು ಬೇರೆಡೆಯೂ ಇದೆ. ಡೇಟಾಬೇಸ್ ಲೈಬ್ರರಿಯಾದ ಎಸ್‌ಕ್ಯೂಲೈಟ್‌ನಲ್ಲಿ ಕಂಪೈಲ್ ಆಪ್ಷನ್ಸ್ ಎಂಬ ಪ್ರಾಗ್ಮಾ (ಅದರದ್ದೇ ವಿಶೇಷ ಆಜ್ಞೆ), ಜಾಲದ ಮೂಲಕ ದತ್ತಾಂಶ ಸಾಗಿಸುವ ಕರ್ಲ್‌ನಲ್ಲಿ ಕರ್ಲ್-ಕಾನ್ಫಿಗ್ ಆಜ್ಞೆ ಈ ಕೆಲಸ ಮಾಡುತ್ತವೆ. ದೊಡ್ಡ ದತ್ತಾಂಶಗಳನ್ನು ಉಳಿಸುವ ಲೈಬ್ರರಿಯಾದ ಎಚ್‌ಡಿಎಫ್5 ತನ್ನ ಆಯ್ಕೆಗಳನ್ನೆಲ್ಲ ಬರೆದ ಪಠ್ಯ ಕಡತವೊಂದನ್ನು ಲೈಬ್ರರಿಯ ಪಕ್ಕದಲ್ಲೇ ಇರಿಸುತ್ತದೆ.

ಇದಿಷ್ಟೂ ಮನುಷ್ಯರು ಓದುವ ದಾಖಲೆಯಾಯಿತು. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಓದಬೇಕಾದ ದಾಖಲೆ ಇದಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಹಲವು ಮೌಲ್ಯಗಳನ್ನು ಒಟ್ಟಿಗೆ ಇರಿಸುವ ಒಂದು ಸ್ಟ್ರಕ್ಟ್‌ನ ನಡುವೆ, ನಿರ್ದಿಷ್ಟ ಆಯ್ಕೆ ಇದ್ದಾಗ ಮಾತ್ರ ಸೇರುವ 8 ಬೈಟಿನ ಸದಸ್ಯವಿದೆ ಎಂದುಕೊಳ್ಳೋಣ. ಲೈಬ್ರರಿ ಆ ಆಯ್ಕೆಯೊಂದಿಗೆ ಕಂಪೈಲ್ ಆಗಿದ್ದು, ಅದನ್ನು ಬಳಸುವ ಪ್ರೋಗ್ರಾಂ ಅದೇ ಹೆಡರನ್ನು ಆಯ್ಕೆಯಿಲ್ಲದೆ ಓದಿದರೆ, ಲೈಬ್ರರಿ 40ನೇ ಬೈಟಿನಲ್ಲಿ ಇಟ್ಟ ಮೌಲ್ಯವನ್ನು ಪ್ರೋಗ್ರಾಂ 32ನೇ ಬೈಟಿನಲ್ಲಿ ಹುಡುಕುತ್ತದೆ. ಕಂಪೈಲರ್ ತಕರಾರು ಮಾಡುವುದಿಲ್ಲ. ಸಿ ಭಾಷೆಯಲ್ಲಿ ಫಂಕ್ಷನ್ ಹೆಸರುಗಳು ಬದಲಾಗದ ಕಾರಣ ಪ್ರೋಗ್ರಾಂ ಮತ್ತು ಲೈಬ್ರರಿಯನ್ನು ಜೋಡಿಸುವ ಲಿಂಕರ್ ಕೂಡ ಒಪ್ಪಿಬಿಡುತ್ತದೆ. ಪ್ರೋಗ್ರಾಂ ಎಲ್ಲೋ ಸಂಬಂಧವಿಲ್ಲದ ಜಾಗದಲ್ಲಿ ಕುಸಿದು ಬೀಳುತ್ತದೆ.

ಸುರಕ್ಷಿತ ಜಾಲಸಂಪರ್ಕದ ಲೈಬ್ರರಿಯಾದ ವುಲ್ಫ್‌ಎಸ್‌ಎಸ್‌ಎಲ್ ಇದಕ್ಕಾಗಿಯೇ ಆಪ್ಷನ್ಸ್ ಡಾಟ್ ಎಚ್ ಎಂಬ ಹೆಡರನ್ನು ಕಾನ್ಫಿಗರ್ ಹಂತದಲ್ಲಿ ತಯಾರಿಸಿ, ಉಳಿದವುಗಳ ಜೊತೆಗೆ ಇನ್‌ಸ್ಟಾಲ್ ಮಾಡುತ್ತದೆ. ಅದನ್ನು ಆ ಲೈಬ್ರರಿಯ ಬೇರೆಲ್ಲ ಹೆಡರ್‌ಗಳಿಗಿಂತ ಮೊದಲು ಸೇರಿಸಬೇಕು. ಹಾಗಾದರೆ ಕಾನ್ಫಿಗ್ ಡಾಟ್ ಎಚ್ ಕಡತವನ್ನೇ ಇನ್‌ಸ್ಟಾಲ್ ಮಾಡಿದರಾಗದೇ ಎಂದು ನೀವು ಕೇಳಬಹುದು. ಆಗದು, ಏಕೆಂದರೆ ಅದರಲ್ಲಿ ಪ್ಯಾಕೇಜ್, ವರ್ಷನ್ ಎಂಬಂಥ ಸಾಮಾನ್ಯ ಹೆಸರಿನ ಮ್ಯಾಕ್ರೋಗಳು, ಅಂದರೆ ಕಂಪೈಲ್ ಮಾಡುವಾಗ ಬೇರೆ ಪಠ್ಯವಾಗಿ ಬದಲಾಗುವ ಹೆಸರುಗಳು, ಇರುತ್ತವೆ, ಎರಡು ಲೈಬ್ರರಿಗಳನ್ನು ಒಟ್ಟಿಗೆ ಬಳಸಿದ ಕೂಡಲೇ ಅವು ಡಿಕ್ಕಿ ಹೊಡೆಯುತ್ತವೆ. ಹೊರಗಿನವರಿಗೆ ಬೇಕಾದ ಆಯ್ಕೆಗಳನ್ನಷ್ಟೇ ಆರಿಸಿ, ಲೈಬ್ರರಿಯ ಹೆಸರನ್ನು ಪೂರ್ವಪದವಾಗಿ ಸೇರಿಸಿ, ಬೇರೆ ಹೆಡರಿನಲ್ಲಿ ಕೊಡುವುದು ಸರಿಯಾದ ದಾರಿ.

ಲೈಬ್ರರಿ ಬೇರೆಯವರದಾಗಿದ್ದು ಇಂಥ ಏರ್ಪಾಡು ಅದರಲ್ಲಿ ಇಲ್ಲದಿದ್ದರೂ ಒಂದು ಕೆಲಸ ನಮ್ಮ ಕೈಯಲ್ಲಿದೆ. ಕಾನ್ಫಿಗ್ ಡಾಟ್ ಲಾಗ್ ತೆರೆದರೆ, ಮೊದಲ ಕೆಲವು ಸಾಲುಗಳಲ್ಲೇ ಡಾಲರ್ ಚಿಹ್ನೆಯ ಮುಂದೆ ನಾವು ಕೊಟ್ಟ ಕಾನ್ಫಿಗರ್ ಆಜ್ಞೆ ಎಲ್ಲ ಆಯ್ಕೆಗಳ ಸಮೇತ ಕಾಣುತ್ತದೆ. ಬಿಲ್ಡ್ ಡೈರೆಕ್ಟರಿಯನ್ನು ಅಳಿಸುವ ಮುನ್ನ ಆ ಕಡತವನ್ನು, ಲೈಬ್ರರಿ ಹೋಗಿ ಕೂತ ಜಾಗದ ಶೇರ್ ಡೈರೆಕ್ಟರಿಯಲ್ಲಿ, ಲೈಬ್ರರಿಯ ಹೆಸರು ಮತ್ತು ಆವೃತ್ತಿ ಸಂಖ್ಯೆಯ ಫೋಲ್ಡರಿನೊಳಗೆ ನಕಲಿಸಿ ಇಡಿ.