ಬರೀ ವಾಸನೆಗೆ ವಿಮಾನ ಇಳಿಸಬೇಕಿತ್ತಾ?

ಹೊರಟ ವಿಮಾನ ಯಾವುದೋ ಬೇರೆ ಊರಲ್ಲಿ ಇಳಿಯುತ್ತದೆ. ಯಾಕೆ ಅಂತ ಕೇಳಿದರೆ, ಏನೋ ಸುಟ್ಟ ವಾಸನೆ ಬಂತಂತೆ. ತಗೊಳ್ಳಿ, ಗೊಣಗಾಟ ಶುರು. ಬೆಂಕಿ ಇಲ್ಲ, ಏನಿಲ್ಲ, ಸುಮ್ನೆ ನಮ್ಮ ದಿನ ಹಾಳು ಮಾಡಿದ್ರು! ನಾನಂತೂ ಆ ಪೈಲಟ್ ಪರ.

1998ರ ಸೆಪ್ಟೆಂಬರ್ 2. ನ್ಯೂಯಾರ್ಕ್‌ನಿಂದ ಜಿನೀವಾಗೆ ಹೊರಟ ಸ್ವಿಸ್‌ಏರ್ 111. ಕೆನಡಾದ ಕಡಲ ತೀರದ ಹತ್ತಿರ, ಅಲ್ಲಿನ ರಾತ್ರಿ 10:10ಕ್ಕೆ ಕಾಕ್‌ಪಿಟ್‌ನಲ್ಲಿ ಏನೋ ವಾಸನೆ. ಏಸಿಯದ್ದಿರಬೇಕು ಅಂದುಕೊಂಡರು. ಆಮೇಲೆ ಹೊಗೆ ಕಂಡಿತು. ಅಲ್ಲಿನ ಹ್ಯಾಲಿಫ್ಯಾಕ್ಸ್ ವಿಮಾನ ನಿಲ್ದಾಣದ ಕಡೆ ತಿರುಗಿದರು. ಆದರೆ ವಿಮಾನ ತೀರಾ ಎತ್ತರದಲ್ಲಿತ್ತು, ಟ್ಯಾಂಕ್ ತುಂಬಾ ಇಂಧನ. ಇಳಿಯುವ ಮೊದಲು ಭಾರ ಇಳಿಸಬೇಕು ಅಂತ ಅದನ್ನು ಹೊರಚೆಲ್ಲಲು ಮತ್ತೆ ಸಮುದ್ರದತ್ತ ಹೊರಟರು. 10:24ಕ್ಕೆ ಎಮರ್ಜೆನ್ಸಿ ಅಂದರು. 10:31ಕ್ಕೆ ವಿಮಾನ ನೀರಿಗೆ ಬಿತ್ತು. 229 ಜನ ಹೋದರು.

ಮೊದಲ ವಾಸನೆಯಿಂದ ಲೆಕ್ಕ ಹಾಕಿ, ಬರೀ 21 ನಿಮಿಷ. ಅವರ ಕೈಲಿದ್ದ ಹೊಗೆಯ ಚೆಕ್‌ಲಿಸ್ಟ್, ಅಂದರೆ ಹೊಗೆ ಬಂದರೆ ಏನೇನು ಮಾಡಬೇಕು ಅನ್ನೋ ಪಟ್ಟಿ, ಪೂರ್ತಿ ಮಾಡಲಿಕ್ಕೇ 20ರಿಂದ 30 ನಿಮಿಷ ಬೇಕಿತ್ತು! ಸ್ವಿಚ್ ತಿರುಗಿಸು, ಹೊಗೆ ಕಡಿಮೆಯಾಯ್ತಾ ನೋಡು, ಮತ್ತೆ ತಿರುಗಿಸು. ಬೆಂಕಿ ಇದ್ದದ್ದು ತಲೆ ಮೇಲಿನ ಚಾವಣಿಯೊಳಗೆ, ಯಾರ ಕಣ್ಣಿಗೂ ಬೀಳದ ಕಡೆ.

ನೇರವಾಗಿ ಇಳಿಯಲು ಹೋಗಿದ್ದರೂ ಅವರು ತಲುಪುತ್ತಿರಲಿಲ್ಲ ಅಂತ ತನಿಖೆ ಹೇಳಿತು. ಹಾಗಾಗಿ ಆ ಇಬ್ಬರು ಪೈಲಟ್‌ಗಳನ್ನು ದೂರುವ ಮಾತೇ ಇಲ್ಲ. ನನ್ನ ತಕರಾರು "ಮೊದಲು ಮೂಲ ಹುಡುಕು" ಅನ್ನೋ ಆಗಿನ ಪದ್ಧತಿ ಮೇಲೆ. ಈಗ ಹೊಗೆಯ ಚೆಕ್‌ಲಿಸ್ಟ್ ತೆರೆದರೆ ಶುರುವಿನಲ್ಲೇ ಬರುವ ಮಾತು, ಬೇರೆ ಕಡೆ ಇಳಿಯಬೇಕಾಗಬಹುದು ಅಂತ. ಮಾಸ್ಕ್ ಹಾಕು, ಜೊತೆ ಪೈಲಟ್‌ಗೆ ಮಾತು ಕೇಳಿಸುತ್ತಾ ನೋಡು, ವಿಮಾನವನ್ನು ನೆಲದ ಕಡೆ ತಿರುಗಿಸು. ಹುಡುಕಾಟ ದಾರಿಯಲ್ಲಿ ಆಗಲಿ.

ಪೈಲಟ್ ಮಾಸ್ಕ್‌ನಲ್ಲಿ ಬರೀ ಆಕ್ಸಿಜನ್ ಬರುತ್ತದೆ. ನಮ್ಮ ತಲೆ ಮೇಲಿಂದ ಬೀಳುವ ಹಳದಿ ಮಾಸ್ಕ್ ಇದೆಯಲ್ಲ, ಅದು ಕ್ಯಾಬಿನ್ ಗಾಳಿಯನ್ನೂ ಬೆರೆಸಿ ಕೊಡುತ್ತದೆ. ಅಂದರೆ ಹೊಗೆಯನ್ನೂ. ನಮಗೆ ಇರುವ ಒಂದೇ ಮದ್ದು ನೆಲ.

ನೆಲ ಮುಟ್ಟಿದ ಮೇಲೂ ಹೆಚ್ಚು ಸಮಯ ಇರೋದಿಲ್ಲ. 1983ರಲ್ಲಿ ಏರ್ ಕೆನಡಾ 797ರ ಟಾಯ್ಲೆಟ್ ಕಡೆಯಿಂದ ಹೊಗೆ ಬಂತು. ಪೈಲಟ್‌ಗಳು ಅದನ್ನು ಅಮೆರಿಕದ ಸಿನ್ಸಿನಾಟಿಯಲ್ಲಿ ಇಳಿಸಿಯೇಬಿಟ್ಟರು. ಬಾಗಿಲು ತೆರೆದು ಒಂದು, ಒಂದೂವರೆ ನಿಮಿಷಕ್ಕೆ ಇಡೀ ಕ್ಯಾಬಿನ್ ಧಗ್ ಅಂತ ಹೊತ್ತಿಕೊಂಡಿತು. 46 ಜನರಲ್ಲಿ 23 ಮಂದಿ ಹೊರಗೆ ಬರಲೇ ಇಲ್ಲ. ನಾವಿಲ್ಲಿ ಚಕ್ರ ನಿಲ್ಲುವ ಮೊದಲೇ ಎದ್ದು, ಮೇಲಿನ ಬ್ಯಾಗ್‌ಗೆ ಕೈ ಹಾಕುತ್ತೇವೆ.